ಅರ್ಧ ಗಂಟೆ ನಿನ್ನ ಭಾಷೆ, ಅರ್ಧ ಗಂಟೆ ನನ್ನ ಭಾಷೆ

1962ರ ಸೆಪ್ಟೆಂಬರ್ 9. ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಅರಮನೆಯ ಅಂಗಳದಲ್ಲಿ ಸಾವಿರಾರು ಯುವಕ ಯುವತಿಯರು ಸೇರಿದ್ದರು. ಮಾತಾಡಲು ನಿಂತವರು ಫ್ರಾನ್ಸ್ ದೇಶದ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್. ಆಗ ಅವರಿಗೆ 71 ವರ್ಷ. ಅವರು ಫ್ರೆಂಚ್ ಬಿಟ್ಟು ಜರ್ಮನ್ ಭಾಷೆಯಲ್ಲೇ ಭಾಷಣ ಮಾಡಿದರು. ಅದು ಶಾಲೆಯಲ್ಲಿ ಕಲಿತ ಜರ್ಮನ್. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕು, ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಜರ್ಮನರ ಬಂಧನದಲ್ಲಿದ್ದಾಗಲೂ ಕಿವಿಗೆ ಬಿದ್ದಿದ್ದ ಜರ್ಮನ್. ಭಾಷಣವನ್ನು ಅವರು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದರು.

ಬಾಯಿಪಾಠದ ಭಾಷಣಕ್ಕೆ ಚಪ್ಪಾಳೆ ಸಿಗುತ್ತದೆ. ಆದರೆ ಎದುರಿಗಿದ್ದವರು ತಿರುಗಿ ಒಂದು ಪ್ರಶ್ನೆ ಕೇಳಿದರೆ ಬಾಯಿಪಾಠ ಕೈಕೊಡುತ್ತದೆ. ಈ ಕಷ್ಟ ಇವತ್ತು ನಮ್ಮ ಹಳ್ಳಿಗಳ ಮಕ್ಕಳಿಗೂ ಬಂದಿದೆ. ಭಾರತ ಮತ್ತು ಜರ್ಮನಿ 2022ರ ಡಿಸೆಂಬರ್‌ನಲ್ಲಿ ವಲಸೆ ಒಪ್ಪಂದ ಮಾಡಿಕೊಂಡವು. ಕುಶಲ ಕೆಲಸಗಾರರಾದ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ 2024ರಲ್ಲಿ ಜರ್ಮನಿ ಹೇಳಿತು. ನರ್ಸಿಂಗ್ ಓದಿದವರು ಕೋಚಿಂಗ್ ಸೇರಿ ಜರ್ಮನ್ ಪರೀಕ್ಷೆ ಪಾಸಾಗುತ್ತಾರೆ. ಆಮೇಲೆ ಕಾಗದಪತ್ರಕ್ಕೆ ಕಾಯುತ್ತಾ ಊರಲ್ಲಿ ಕೂರುತ್ತಾರೆ. ಮಾತಾಡಲು ಯಾರೂ ಇಲ್ಲ. ತಿಂಗಳು ಕಳೆದಂತೆ ನಾಲಿಗೆಗೆ ರೂಢಿ ತಪ್ಪುತ್ತದೆ.

ಇದಕ್ಕೆ ಮದ್ದು ಹುಡುಕಿದ ಕಥೆ ನೂರಕ್ಕೂ ಹೆಚ್ಚು ವರ್ಷ ಹಳೆಯದು.

ಮೊದಲು ಕಾಗದ

1890ರ ದಶಕದ ಕೊನೆಯಲ್ಲಿ ಫ್ರಾನ್ಸ್‌ನ ಪಾಲ್ ಮಿಯೆ ಎಂಬ ಮೇಷ್ಟರು ಒಂದು ಉಪಾಯ ಮಾಡಿದರು. ಬೇರೆ ದೇಶದ ಭಾಷೆ ಕಲಿಯುವ ಮಕ್ಕಳು ಆ ದೇಶದ ಮಕ್ಕಳಿಗೇ ಕಾಗದ ಬರೆಯಲಿ, ಅವರೂ ಇವರ ಭಾಷೆಯಲ್ಲಿ ಬರೆಯಲಿ, ಒಬ್ಬರ ತಪ್ಪನ್ನು ಒಬ್ಬರು ತಿದ್ದಲಿ ಎಂಬುದೇ ಅದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮಾರ್ಟಿನ್ ಹಾರ್ಟ್‌ಮನ್ ಎಂಬ ಅಧ್ಯಾಪಕರು ಮಕ್ಕಳಿಗೆ ಜೋಡಿ ಹುಡುಕಿಕೊಡುವ ಕೇಂದ್ರವನ್ನೇ ನಡೆಸಿದರು. 1914ರಲ್ಲಿ ಯುದ್ಧ ಶುರುವಾಯಿತು. ಕಾಗದ ಬರೆಯುವ ವಯಸ್ಸು ದಾಟಿದ್ದ ಹುಡುಗರು ಎರಡೂ ಕಡೆಯಿಂದ ಬಂದೂಕು ಹಿಡಿದು ಎದುರುಬದುರಾದರು.

ಎರಡು ಸೀಟಿನ ಸೈಕಲ್

1870ರಿಂದ 1945ರ ಒಳಗೆ ಫ್ರಾನ್ಸ್ ಮತ್ತು ಜರ್ಮನಿ ಮೂರು ದೊಡ್ಡ ಯುದ್ಧ ಮಾಡಿದ್ದವು. ಡಿ ಗಾಲ್ ಭಾಷಣವಾಗಿ ನಾಲ್ಕು ತಿಂಗಳಿಗೆ, 1963ರ ಜನವರಿ 22ರಂದು, ಎರಡೂ ದೇಶಗಳು ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಎರಡೂ ದೇಶದ ಯುವಜನರನ್ನು ಒಟ್ಟಿಗೆ ಸೇರಿಸುವ ಕಚೇರಿ ಶುರುವಾಯಿತು. ಇವರ ಶಿಬಿರಗಳಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ ಕಲಿಸುವ ಪದ್ಧತಿ ಬೆಳೆಯಿತು. ಅದಕ್ಕೆ ಇಟ್ಟ ಹೆಸರು 'ಟ್ಯಾಂಡೆಮ್'. ಹಾಗೆಂದರೆ ಹಿಂದೆ ಮುಂದೆ ಇಬ್ಬರು ಕೂತು, ಇಬ್ಬರೂ ಪೆಡಲ್ ತುಳಿಯುವ ಸೈಕಲ್.

ಕ್ಯಾರಿಯರ್ ಮೇಲೆ ಕೂತು ಹೋಗುವವನಿಗೆ ಇಲ್ಲಿ ಜಾಗವಿಲ್ಲ. ಅರ್ಧ ಹೊತ್ತು ನಿನ್ನ ಭಾಷೆ, ಅರ್ಧ ಹೊತ್ತು ನನ್ನ ಭಾಷೆ. ಫೀಸ್ ಇಲ್ಲ, ಉಪಕಾರದ ಭಾರವೂ ಇಲ್ಲ. 1990ರ ದಶಕದಲ್ಲಿ ಬೋಖುಮ್ ವಿಶ್ವವಿದ್ಯಾಲಯದ ಹೆಲ್ಮುಟ್ ಬ್ರಾಮರ್ಟ್ಸ್ ಮತ್ತು ಜೊತೆಗಾರರು ಇದನ್ನು ಇ-ಮೇಲ್‌ಗೆ ತಂದರು. ಆಗಲೂ ಅವರು ಎರಡು ಮಾತನ್ನು ಬಿಡಲಿಲ್ಲ. ಒಂದು, ಕೊಡುವುದು ತೆಗೆದುಕೊಳ್ಳುವುದು ಸಮವಾಗಿರಬೇಕು. ಇನ್ನೊಂದು, ತನಗೆ ಏನು ಕಲಿಯಬೇಕು ಎಂಬುದನ್ನು ಕಲಿಯುವವರೇ ಹೇಳಬೇಕು. ಇವತ್ತು ಮೊಬೈಲ್‌ನಲ್ಲಿ ಸಿಗುವ ಟ್ಯಾಂಡೆಮ್, ಹಲೋಟಾಕ್ ಆ್ಯಪ್‌ಗಳ ಬೇರು ಇಲ್ಲಿದೆ.

ನಮ್ಮ ಕಡೆ ನಡೆದದ್ದು

ನಮ್ಮಲ್ಲಿ ಜರ್ಮನ್-ಕನ್ನಡದ ನಂಟು ಇದಕ್ಕಿಂತ ಹಳೆಯದು. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ತಂದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಅವರು ಕನ್ನಡ ಕಲಿತದ್ದು ಇಲ್ಲಿನ ಜನರ ಬಾಯಿಂದ, ಪಂಡಿತರು ಮುನ್ಷಿಗಳ ನೆರವಿನಿಂದ. ಆದರೆ ಈ ಸೈಕಲ್‌ನಲ್ಲಿ ಪೆಡಲ್ ಸಮವಾಗಿರಲಿಲ್ಲ. ನಿಘಂಟಿನ ಜೊತೆ ಕಿಟೆಲ್ ಹೆಸರು ಉಳಿಯಿತು. ಪದ ಹೇಳಿಕೊಟ್ಟ ರೈತ, ನೇಕಾರ, ಅಜ್ಜಿಯರ ಹೆಸರು ನಮಗೆ ಗೊತ್ತಿಲ್ಲ.

ಆದ್ದರಿಂದ ಮಾತಿನ ಜೊತೆಗಾರರನ್ನು ಹುಡುಕುವಾಗ ಕೈ ಚಾಚಿ ನಿಲ್ಲಬೇಡಿ. 'ನನಗೆ ಜರ್ಮನ್ ಕಲಿಸಿ' ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ನೀವು ಏನು ಕೊಡುತ್ತೀರಿ ಎಂದೂ ಬರೆಯಿರಿ. ಕನ್ನಡ ಕಲಿಯುವ ಜರ್ಮನರು ಕಡಿಮೆ, ನಿಜ. ಆದರೆ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ, ತುಳು ಅಧ್ಯಯನ ನಡೆದಿದೆ, ನಮ್ಮ ಬಿ.ಎ. ವಿವೇಕ ರೈ ಅಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಬೆಂಗಳೂರಿಗೆ ಕೆಲಸಕ್ಕೆ ಬರುವ ಜರ್ಮನರೂ ಇದ್ದಾರೆ. ಕನ್ನಡಕ್ಕೆ ಗಿರಾಕಿ ಸಿಗದಿದ್ದರೆ ಹಿಂದಿ, ಇಂಗ್ಲಿಷ್ ಕೊಡಬಹುದು. ರಾಗಿ ಮುದ್ದೆ ಮಾಡುವುದು ಹೇಗೆ, ಹೊಲದಲ್ಲಿ ಈಗ ಏನು ಬೆಳೆ ಎಂದು ಹೇಳಲು ನಿಮ್ಮಷ್ಟು ಬಲ್ಲವರು ಬೇರೆ ಯಾರು?

ಸಮಯ ಹೊಂದಿಸುವುದು ಸುಲಭ. ನಮಗೆ ರಾತ್ರಿ ಒಂಬತ್ತೂವರೆ ಆದಾಗ ಅವರಿಗೆ ಬೇಸಿಗೆಯಲ್ಲಿ ಸಂಜೆ ಆರು, ಚಳಿಗಾಲದಲ್ಲಿ ಐದು. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಸಾಕು. ಗಡಿಯಾರ ನೋಡಿ ಭಾಷೆ ಬದಲಿಸಿ. ಮಾತಿನ ಮಧ್ಯೆ ತಡೆಯದೆ, ಕೊನೆಯಲ್ಲಿ ಮೂರು ನಾಲ್ಕು ತಪ್ಪು ಮಾತ್ರ ತಿದ್ದಿಕೊಳ್ಳಿ. ನರ್ಸ್ ಆಗಿ ಹೋಗುವವರು 'ಎಲ್ಲಿ ನೋವು? ಎಷ್ಟು ದಿನದಿಂದ?' ಎಂಬ ಮಾತುಕತೆಯನ್ನೇ ಆಡಿ ನೋಡಿ. ಜರ್ಮನ್‌ನಲ್ಲಿ 'ಡು' ಅಂದರೆ ನೀನು, 'ಜೀ' ಅಂದರೆ ನೀವು. ಈ ವ್ಯತ್ಯಾಸ ಇಂಗ್ಲಿಷಿನವರಿಗೆ ತೊಡಕು, ಕನ್ನಡದವರಿಗೆ ಹುಟ್ಟಿನಿಂದಲೇ ಗೊತ್ತು.

ಒಂದು ಎಚ್ಚರ. ದುಡ್ಡು, ವೀಸಾ, ಮದುವೆ, ಪಾಸ್‌ಪೋರ್ಟ್ ಫೋಟೊ ಎಂದು ಮಾತು ತಿರುಗಿದರೆ ಆ ನಂಬರ್ ಬ್ಲಾಕ್ ಮಾಡಿ. ಭಾಷೆಗೆ ಭಾಷೆ, ಅಷ್ಟೇ ಅಲ್ಲಿನ ವ್ಯಾಪಾರ.

ನಿಮ್ಮ ಮನೆಯಲ್ಲಿ ಜರ್ಮನ್ ಪುಸ್ತಕ ಮುಚ್ಚಿಟ್ಟು ಕಾಯುತ್ತಿರುವ ಮಗಳೋ ತಮ್ಮನೋ ಇದ್ದರೆ ಇದನ್ನು ಅವರಿಗೆ ಓದಿಸಿ.