ನಮ್ಮ ಕೋಚ್‌ನ ದೊಡ್ಡ ಕ್ಲಬ್ ಕರೆದ್ರೆ? ಬೆಂಗಳೂರು ಬ್ಲೂಸ್‌ನ ಒಂದು ಹಳೇ ಭಯ

ಭಾಗ 1
ಫುಟ್‌ಬಾಲ್ ನೋಡೋರಿಗೆ ಸೋತಾಗ ಬರೋ ಬೇಜಾರು ಗೊತ್ತಿರೋದೇ. ಗೆದ್ದ ಮೇಲೆ ಬರೋ ಭಯ ಬೇರೆ. ಟೀಮ್ ಚೆನ್ನಾಗಿ ಆಡ್ತಿರುತ್ತೆ, ಟೇಬಲ್‌ನಲ್ಲಿ ಮೇಲಿರ್ತೀವಿ, ಆಗ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ ಒಬ್ಬ ಸ್ಕ್ರೀನ್‌ಶಾಟ್ ಹಾಕ್ತಾನೆ: ನಮ್ಮ ಕೋಚ್ ಮೇಲೆ ಇನ್ನೊಂದು ದೊಡ್ಡ ಕ್ಲಬ್ ಕಣ್ಣು ಹಾಕಿದೆಯಂತೆ. ಮುಗೀತು, ಅವತ್ತು ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಬರೀ ಕ್ರಿಕೆಟ್ ನೋಡೋ ಕ್ಲಾಸ್‌ಮೇಟ್ಸ್‌ಗೆ ಒಂದು ಮಾತು. ಫುಟ್‌ಬಾಲ್‌ನಲ್ಲಿ ಕೋಚ್ ಅಂದ್ರೆ ಬೌಂಡರಿ ಆಚೆ ಕೂತು ಚಪ್ಪಾಳೆ ತಟ್ಟೋರಲ್ಲ. ಯಾರು ಆಡಬೇಕು, ಹೇಗೆ ಆಡಬೇಕು, ಯಾವಾಗ ಯಾರನ್ನ ಆಚೆ ಕರೀಬೇಕು, ಎಲ್ಲ ಅವರದೇ. ಅದಕ್ಕೇ ಅವರು ಹೊರಟ್ರೆ ಮನೆ ಯಜಮಾನ ಊರು ಬಿಟ್ಟ ಹಾಗಾಗುತ್ತೆ.

ಆದ್ರೆ ಇತಿಹಾಸ ಓದ್ತಾ ಹೋದ ಹಾಗೆ ನನಗೆ ಅನ್ಸಿದ್ದು ಇದು: ಕೋಚ್ ಹೋಗ್ತಾರಾ ಇಲ್ವಾ ಅನ್ನೋದಕ್ಕಿಂತ ಅವರ ಜೊತೆ ಇನ್ನೇನೇನು ಹೋಗುತ್ತೆ ಅಂತ ನೋಡ್ಬೇಕು.

ಭಾಗ 2
ಸ್ವಲ್ಪ ಹಿಂದಕ್ಕೆ ಹೋಗೋಣ. ಸಂತೋಷ್ ಟ್ರೋಫಿ ಗೆದ್ದವರ ಪಟ್ಟಿ ತೆಗೆದು ನೋಡಿ, ನಮ್ಮೂರ ಹೆಸರು ನಾಲ್ಕು ಸಲ ಇದೆ. 1946-47, 1952-53, 1967-68, 1968-69, ನಾಲ್ಕೂ ಕಡೆ 'ಮೈಸೂರು'. ಅಂದ್ರೆ ನಮ್ಮ ಸಿಟಿ ಅಲ್ಲ, ಆಗಿನ ಮೈಸೂರು ರಾಜ್ಯ. ಆದ್ರೂ ನೋಡಿದ್ರೆ ಖುಷಿ ಆಗುತ್ತಲ್ವಾ.

1946-47ರ ಫೈನಲ್‌ನಲ್ಲಿ ಸೋಲಿಸಿದ್ದು ಬಂಗಾಳವನ್ನ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಾಗ ನಮ್ಮ ಕಡೆ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ಟೀಮ್‌ನಲ್ಲಿದ್ದ ಅಹ್ಮದ್ ಖಾನ್ ಕೂಡ. ಮರುವರ್ಷ, 1949ರಲ್ಲಿ, ಅಹ್ಮದ್ ಖಾನ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ ಹೋದ್ರು. ಬೆಂಗಳೂರಿನವರೇ ಆದ ಧನರಾಜ್ ಕೂಡ ಅಲ್ಲಿದ್ರು. ಆ ಕ್ಲಬ್‌ನ ಐದು ಜನ ಫಾರ್ವರ್ಡ್‌ಗಳಿಗೆ 'ಪಂಚಪಾಂಡವರು' ಅಂತ ಹೆಸರು ಬಿತ್ತು, ಅದರಲ್ಲಿ ಇಬ್ಬರು ನಮ್ಮವರು. 1949, 50, 51, ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಅವರದ್ದೇ.

ಆಟ ಕಲಿತಿದ್ದು ಇಲ್ಲಿ, ಕಪ್ ಎತ್ತಿದ್ದು ಅಲ್ಲಿ. 'ದೊಡ್ಡೋರು ಬಂದು ಕರ್ಕೊಂಡು ಹೋಗ್ತಾರೆ' ಅನ್ನೋ ಭಯ ನಮಗೆ ಹೊಸದೇನಲ್ಲ.

ಭಾಗ 3
2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್, ಇಂಗ್ಲೆಂಡ್‌ನವರು. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು. ಅಶೋಕನಗರದ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗ್ತಿದ್ದ ಹುಡುಗರು 'ವೆಸ್ಟ್ ಬ್ಲಾಕ್ ಬ್ಲೂಸ್' ಆದ್ರು. 2015ರ ಮೇ 31ಕ್ಕೆ ಕಂಠೀರವದಲ್ಲಿ ಮೋಹನ್ ಬಗಾನ್ ವಿರುದ್ಧ ಗೆದ್ದಿದ್ರೆ ಇನ್ನೊಂದು ಲೀಗ್ ನಮ್ಮದೇ. 87ನೇ ನಿಮಿಷದಲ್ಲಿ ಬೆಲ್ಲೋ ರಜಾಕ್ ತಲೆಯಿಂದ ಹೊಡೆದ ಗೋಲ್‌ಗೆ 1-1. ಲೀಗ್ ಕೋಲ್ಕತ್ತಾಗೆ. (ಇದರ ವಿಡಿಯೋ ನಾನು ಈಗಲೂ ಪೂರ್ತಿ ನೋಡಲ್ಲ.) ಮರುವರ್ಷ ಮತ್ತೆ ಗೆದ್ದರು.

ಗೆದ್ದ ಬೆನ್ನಲ್ಲೇ, 2016ರ ಮಧ್ಯದಲ್ಲಿ, ವೆಸ್ಟ್‌ವುಡ್ ಹೊರಟರು. ಟೀಮ್ ಆಗ ಎಎಫ್‌ಸಿ ಕಪ್ ಕ್ವಾರ್ಟರ್ ಫೈನಲ್ ತಲುಪಿ ಕೂತಿತ್ತು. ಅರ್ಧ ದಾರಿಯಲ್ಲಿ ಡ್ರೈವರ್ ಇಳಿದು ಹೋದ ಹಾಗೆ.

ಬಂದವರು ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಜೊತೆ ಕೆಲಸ ಮಾಡಿದವರು. ಆಟದ ರೀತಿಯನ್ನೇ ಬದಲಾಯಿಸಿದ್ರು, ಆದ್ರೆ ಟೀಮ್‌ನ ಬೆನ್ನೆಲುಬು ಹಾಗೇ ಇತ್ತು: ಛೆತ್ರಿ, ಜಾನ್ ಜಾನ್ಸನ್. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನ ಕಂಠೀರವದಲ್ಲಿ 3-1ಕ್ಕೆ ಹೊಡೆದು, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದ್ರು. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 1-0 ಸೋಲು. ಪರವಾಗಿಲ್ಲ ಗುರು.

ಭಾಗ 4
2018ರ ಮಾರ್ಚ್ 17. ನಮಗಾಗ ಹದಿಮೂರು ವರ್ಷ ಇರಬೇಕು. ಐಎಸ್‌ಎಲ್‌ನ ಮೊದಲ ಸೀಸನ್‌ನಲ್ಲೇ 18 ಪಂದ್ಯಕ್ಕೆ 40 ಪಾಯಿಂಟ್, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಜಾಸ್ತಿ. ಫೈನಲ್ ನಮ್ಮದೇ ಗ್ರೌಂಡ್. ಒಂಬತ್ತನೇ ನಿಮಿಷಕ್ಕೇ ಛೆತ್ರಿ ಗೋಲ್. ಕೊನೆಗೆ 3-2, ಕಪ್ ಚೆನ್ನೈಗೆ. ಟಿವಿ ಆಫ್ ಮಾಡಿ ಅಮ್ಮ 'ಊಟಕ್ಕೆ ಬಾ' ಅಂದಿದ್ದು ನೆನಪಿದೆ, ಊಟ ಮಾಡಿದ್ದು ನೆನಪಿಲ್ಲ. ಮುಂದಿನ ತಿಂಗಳು ಸೂಪರ್ ಕಪ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್‌ಗೆ 4-1 ಕೊಟ್ಟು ಸ್ವಲ್ಪ ಸಮಾಧಾನ ಆಯ್ತು.

ಆಮೇಲೆ ರೋಕಾ ಒಪ್ಪಂದ ಮುಂದುವರಿಸಲಿಲ್ಲ. ಎಲ್ಲರೂ ಇನ್ನು ಟೀಮ್ ಕಥೆ ಅಷ್ಟೇ ಅಂದುಕೊಂಡ್ರು. ಕ್ಲಬ್ ಹೊರಗಿನಿಂದ ದೊಡ್ಡ ಹೆಸರು ತರಲಿಲ್ಲ. ರೋಕಾ ಪಕ್ಕದಲ್ಲೇ ಎರಡು ವರ್ಷ ಕೂತಿದ್ದ ಅಸಿಸ್ಟೆಂಟ್ ಕಾರ್ಲೆಸ್ ಕ್ವಾಡ್ರಾಟ್‌ಗೆ ಕೊಟ್ಟಿತು. ಸರಿಯಾಗಿ ಒಂದು ವರ್ಷ, 2019ರ ಮಾರ್ಚ್ 17, ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. 117ನೇ ನಿಮಿಷ, ಕಾರ್ನರ್, ರಾಹುಲ್ ಭೆಕೆ ತಲೆ. ಕಪ್ ಬೆಂಗಳೂರಿಗೆ.

ಭಾಗ 5
ರೋಕಾ ಕಥೆ ಅಲ್ಲಿಗೆ ಮುಗಿಯಲ್ಲ. 2020ರ ಜನವರಿಯಲ್ಲಿ ಹೈದರಾಬಾದ್ ಎಫ್‌ಸಿ ಅವರ ಜೊತೆ ಎರಡು ವರ್ಷದ ಒಪ್ಪಂದ ಮಾಡ್ಕೊಳ್ತು. ಆಗಸ್ಟ್‌ನಲ್ಲಿ ಬಾರ್ಸಿಲೋನಾ ಬಾಯರ್ನ್ ಎದುರು 8-2 ಸೋತು, ಕೂಮನ್ ಕೋಚ್ ಆಗಿ ಬಂದ್ರು, ಫಿಟ್‌ನೆಸ್ ಕೋಚ್ ಆಗಿ ರೋಕಾರನ್ನ ಕರೆದ್ರು. ಇಲ್ಲಿ ಮುಖ್ಯ ಕೋಚ್, ಅಲ್ಲಿ ಬರೀ ಸಹಾಯಕ, ಆದ್ರೂ ಹೋದ್ರು. ಬಾರ್ಸಾ ಕರೆದ್ರೆ ಯಾರು ಇಲ್ಲ ಅಂತಾರೆ ಹೇಳಿ? ಹೈದರಾಬಾದ್ ಬಿಟ್ಟುಕೊಟ್ಟು ಮನೋಲೋ ಮಾರ್ಕೆಸ್‌ರನ್ನ ತಂತು. 2022ರಲ್ಲಿ ಐಎಸ್‌ಎಲ್ ಕಪ್ ಅವರದ್ದು.

ಗೋವಾದ್ದು ಬೇರೆ ಕಥೆ, ನನಗೆ ಹೊಟ್ಟೆ ಉರಿಯೋದು ಇದಕ್ಕೇ. 2020ರ ಜನವರಿ ಕೊನೆಗೆ ಅವರೇ ಸೆರ್ಜಿಯೋ ಲೊಬೆರಾರನ್ನ ತೆಗೆದುಹಾಕಿದ್ರು. ಆದ್ರೂ ಲೀಗ್ ಶೀಲ್ಡ್ ಗೆದ್ದರು. ಕೆಲವು ತಿಂಗಳಲ್ಲಿ ಮುಂಬೈ ಸಿಟಿ ಅವರನ್ನ ಕರ್ಕೊಳ್ತು. ಅದರ ಹಿಂದೆ ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಸಂಸ್ಥೆ ಸಿಟಿ ಫುಟ್‌ಬಾಲ್ ಗ್ರೂಪ್ ಇತ್ತು. ಕೋಚ್ ಒಬ್ಬರೇ ಹೋಗಲಿಲ್ಲ. ಗೋವಾದಲ್ಲಿ ಅವರ ಕೈಕೆಳಗೆ ಆಡಿದ ಜಾಹೂ, ಫಾಲ್, ಬೂಮೂಸ್, ಮಂದಾರ್, ನಾಲ್ವರೂ ಮುಂಬೈಗೆ. 2021ರ ಸೆಮಿಫೈನಲ್‌ನಲ್ಲಿ ಮುಂಬೈ ಗೋವಾವನ್ನೇ ಪೆನಾಲ್ಟಿಯಲ್ಲಿ ಸೋಲಿಸಿ, ಶೀಲ್ಡ್, ಕಪ್ ಎರಡೂ ಎತ್ತಿತು.

ಬಿಕಾಂ ಓದೋರಿಗೆ ಗೊತ್ತಿರುತ್ತೆ: ಆಟಗಾರನಿಗೆ ಕೊಟ್ಟ ಟ್ರಾನ್ಸ್‌ಫರ್ ಫೀ ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿ ಅಂತ ಬರುತ್ತೆ. ಕೋಚ್ ಕಲಿಸಿದ್ದು, ಡ್ರೆಸ್ಸಿಂಗ್ ರೂಮ್‌ನ ನಂಬಿಕೆ, ಇದಕ್ಕೆಲ್ಲ ಕಾಲಮ್ಮೇ ಇಲ್ಲ. ಬೆಂಗಳೂರಿನಲ್ಲಿ 2018ಕ್ಕೆ ಅದು ಉಳೀತು. ಗೋವಾದಲ್ಲಿ ಲಾರಿ ತಂದು ತುಂಬ್ಕೊಂಡು ಹೋದ ಹಾಗಾಯ್ತು.

ಭಾಗ 6, ಕೊನೇದು
2021ರ ಜನವರಿಯಲ್ಲಿ, ಸತತ ಮೂರು ಸೋಲಾದ ಮೇಲೆ, ಕ್ವಾಡ್ರಾಟ್ ಬೆಂಗಳೂರು ಬಿಟ್ರು. ಅವರನ್ನ ಯಾರೂ ಕಿತ್ಕೊಂಡು ಹೋಗಲಿಲ್ಲ, ನಾವೇ ಬಿಟ್ಟಿದ್ದು. 2023ರಲ್ಲಿ ಅವರು ಸೇರಿದ್ದು ಎಲ್ಲಿಗೆ ಗೊತ್ತಾ? ಅಹ್ಮದ್ ಖಾನ್ ಹೋಗಿದ್ದ ಅದೇ ಈಸ್ಟ್ ಬೆಂಗಾಲ್‌ಗೆ. 2024ರ ಜನವರಿಯಲ್ಲಿ ಅವರಿಗೆ ಸೂಪರ್ ಕಪ್ ಗೆದ್ದುಕೊಟ್ರು, ಆ ಕ್ಲಬ್‌ಗೆ 12 ವರ್ಷದ ನಂತರ ಸಿಕ್ಕ ರಾಷ್ಟ್ರಮಟ್ಟದ ಟ್ರೋಫಿ.

ಅವತ್ತು ರಾತ್ರಿ ನಮ್ಮ ಗ್ರೂಪ್‌ನಲ್ಲಿ ಒಬ್ಬ 'ಕಂಗ್ರಾಟ್ಸ್ ಕಾರ್ಲೆಸ್' ಅಂತ ಹಾಕಿದ. ಇನ್ನೊಬ್ಬ ಅವನನ್ನ ಸರಿಯಾಗಿ ಬೈದ, 'ಕೋಲ್ಕತ್ತಾದವರಿಗೆ ಯಾಕೋ ಕಂಗ್ರಾಟ್ಸ್' ಅಂತ. ನಾನು ಎರಡಕ್ಕೂ ಲೈಕ್ ಒತ್ತಿ ಮಲ್ಕೊಂಡೆ.