ಮೊದಲ ಪುಟದ ವಾಗ್ದಾನ

ಪೇಟೆಯಿದ್ದಲ್ಲಿ ದಲ್ಲಾಳಿಯೂ ಇರುತ್ತಾನೆ. ಅಡಿಕೆ ಮಂಡಿಯ ದಲ್ಲಾಳಿಗೆ, ಮುಂಬಯಿಯಲ್ಲಿ ಖೋಲಿ ಕೊಡಿಸುವ ದಲ್ಲಾಳಿಗೆ ಹಳೆಯ ಚರಿತ್ರೆಯಿದೆ. ಅವರನ್ನು ಅಳೆಯುವ ಬಗೆಯನ್ನೂ ಜನ ತಲೆಮಾರುಗಳಿಂದ ಕಲಿತಿದ್ದಾರೆ. ಆದರೆ ‘ಗೂಗಲ್‌ನ ಮೊದಲ ಪುಟದಲ್ಲಿ ನಿಮ್ಮ ಹೆಸರು ಬರುವಂತೆ ಮಾಡುತ್ತೇವೆ’ ಎಂದು ಬರುವವರ ಕಸುಬಿಗೆ ಸುಮಾರು ಮೂವತ್ತು ವರ್ಷವಷ್ಟೇ. ಪುಣೆಯಲ್ಲಿ ಉಪಾಹಾರ ಗೃಹ ನಡೆಸುವವರಿಗೂ ಚೆನ್ನೈಯಲ್ಲಿ ಪುಟ್ಟ ಚಿಕಿತ್ಸಾಲಯ ತೆರೆದವರಿಗೂ ಇಂಥ ಕರೆಗಳು ಬರುತ್ತಲೇ ಇರುತ್ತವೆ. ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆಗೆ ಅನುಭವದ ಗಾದೆಗಳಿನ್ನೂ ಹುಟ್ಟಿಲ್ಲ. ಆದುದರಿಂದ ಈ ಕಸುಬಿನ ಚರಿತ್ರೆಯನ್ನೇ ಓದಬೇಕಾಗುತ್ತದೆ. ಕೇಳಬೇಕಾದ ಪ್ರಶ್ನೆಗಳೆಲ್ಲ ಅದರಲ್ಲಿಯೇ ಅಡಗಿವೆ.

1995ರ ಡಿಸೆಂಬರಿನಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಶನ್ ‘ಆಲ್ಟಾವಿಸ್ಟಾ’ ಎಂಬ ಶೋಧಯಂತ್ರವನ್ನು ಜನರ ಮುಂದಿಟ್ಟಿತು. ಆ ಕಾಲದ ಶೋಧಯಂತ್ರಗಳು ಮುಖ್ಯವಾಗಿ ನೋಡುತ್ತಿದ್ದದ್ದು ಪುಟದೊಳಗಿನ ಪದಗಳನ್ನು. ಹುಡುಕಿದ ಪದ ಎಲ್ಲಿದೆ, ಎಷ್ಟು ಸಲವಿದೆ ಎಂಬುದೇ ಹೆಚ್ಚುಕಡಿಮೆ ಯೋಗ್ಯತೆಯ ಅಳತೆ. ಅಳತೆಗೋಲು ತಿಳಿದ ಮೇಲೆ ಬಟ್ಟೆಯನ್ನು ಎಳೆದು ಅಳೆಯುವವರು ಹುಟ್ಟದಿರುತ್ತಾರೆಯೇ? ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಬರೆದಿಡುವುದು ಆ ದಿನಗಳ ತಂತ್ರ. ಓದುಗನ ಕಣ್ಣಿಗೆ ಅದು ಕಾಣದು, ಯಂತ್ರಕ್ಕೆ ಮಾತ್ರ ಕಾಣುವುದು. ‘ಸರ್ಚ್ ಎಂಜಿನ್ ಆಪ್ಟಿಮೈಸೇಶನ್’ ಎಂಬ ಹೆಸರು ಆ ದಶಕದ ಕೊನೆಯ ಭಾಗದಲ್ಲಿ ಬಳಕೆಗೆ ಬಂತು. ಮನುಷ್ಯನಿಗೊಂದು ಮುಖ, ಯಂತ್ರಕ್ಕೊಂದು ಮುಖ ತೋರಿಸುವ ಚಾಳಿ ಈ ಕಸುಬಿಗೆ ಅಂಟಿಕೊಂಡದ್ದೂ ಆಗಲೇ.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಬೇರೊಂದು ದಾರಿಯನ್ನು ಮುಂದಿಟ್ಟರು. ವಿದ್ವತ್ ಲೋಕದಲ್ಲಿ ಒಂದು ಪ್ರಬಂಧದ ತೂಕವನ್ನು ಅದನ್ನು ಉಲ್ಲೇಖಿಸಿದ ಬೇರೆ ಪ್ರಬಂಧಗಳಿಂದ ಅಳೆಯುವ ಪದ್ಧತಿಯಿತ್ತು. ಯೂಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲಿಯೇ ವಿಜ್ಞಾನ ಪ್ರಬಂಧಗಳ ಉಲ್ಲೇಖ ಸೂಚಿಯನ್ನು ಪ್ರಕಟಿಸತೊಡಗಿದ್ದರು. ಪೇಜ್ ಮತ್ತು ಬ್ರಿನ್ ಅದೇ ನ್ಯಾಯವನ್ನು ಅಂತರ್ಜಾಲಕ್ಕೆ ಅನ್ವಯಿಸಿದರು. ಒಂದು ಪುಟ ಮತ್ತೊಂದಕ್ಕೆ ಕೊಂಡಿ ಕೊಟ್ಟರೆ ಅದೊಂದು ಮತ. ತೂಕವುಳ್ಳವರ ಮತಕ್ಕೆ ಹೆಚ್ಚು ತೂಕ. ‘ಪೇಜ್‌ರ್‍ಯಾಂಕ್’ ಎಂದು ಹೆಸರಾದ ಈ ಲೆಕ್ಕಾಚಾರವೇ ಗೂಗಲ್ ಸಂಸ್ಥೆಯ ತಳಹದಿ.

ಮತಕ್ಕೆ ಬೆಲೆ ಬಂದಲ್ಲಿ ಮತದ ಮಾರಾಟವೂ ಬರುತ್ತದೆ. ಅಮೆರಿಕದ ಒಕ್ಲಹೋಮಾದ ‘ಸರ್ಚ್‌ಕಿಂಗ್’ ಎಂಬ ಸಂಸ್ಥೆ 2002ರಲ್ಲಿ ಪೇಜ್‌ರ್‍ಯಾಂಕ್ ಅಂಕಗಳ ಆಧಾರದ ಮೇಲೆ ಜಾಹೀರಾತು ಕೊಂಡಿಗಳ ದಲ್ಲಾಳಿ ವ್ಯವಹಾರವನ್ನು ಆರಂಭಿಸಿತು. ಸ್ವಲ್ಪ ಕಾಲದಲ್ಲಿಯೇ ಅದರ ಅಂಕ ಕುಸಿಯಿತು. ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು. ಪೇಜ್‌ರ್‍ಯಾಂಕ್ ಎಂಬುದು ಗೂಗಲ್‌ನ ಅಭಿಪ್ರಾಯ, ಅಭಿಪ್ರಾಯಕ್ಕೆ ಅಮೆರಿಕದ ಸಂವಿಧಾನದ ರಕ್ಷಣೆಯಿದೆ ಎಂದು ಹೇಳಿ 2003ರಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಈ ತೀರ್ಪಿನಲ್ಲಿ ಗ್ರಾಹಕನಿಗೊಂದು ಪಾಠವಿದೆ. ಶೋಧಯಂತ್ರದ ಸ್ಥಾನ ಇನ್ನೊಬ್ಬರ ಅಭಿಪ್ರಾಯವಾದ ಮೇಲೆ, ಮೂರನೆಯವನೊಬ್ಬ ಅದಕ್ಕೆ ಖಾತರಿ ಕೊಡುವುದು ಹೇಗೆ? ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿಯೇ ಹೇಳುತ್ತ ಬಂದಿದೆ. ಖಾತರಿಯನ್ನೇ ಮುಂದೆ ಮಾಡಿಕೊಂಡು ಬರುವವನನ್ನು ಬಾಗಿಲಲ್ಲಿಯೇ ನಿಲ್ಲಿಸಲು ಇಷ್ಟು ಸಾಕು.

ಇಲ್ಲಿ ಕನ್ನಡ ನಾಡಿನ ನಂಟೊಂದು ನೆನಪಾಗುತ್ತದೆ. ಬೆಂಗಳೂರಿನಲ್ಲಿ ಬೆಳೆದ, ಮುಂದೆ ‘ಗೂಗಲ್ ನ್ಯೂಸ್’ ರೂಪಿಸಿದ ಕೃಷ್ಣ ಭರತ್ ಅವರು ಜಾರ್ಜ್ ಮಿಹಾಯ್ಲಾ ಅವರೊಂದಿಗೆ ‘ಹಿಲ್‌ಟಾಪ್’ ಎಂಬ ಕ್ರಮಾವಳಿಯನ್ನು ರಚಿಸಿದರು. ಅದರ ಹುರುಳು ಸರಳ: ಒಂದು ವಿಷಯದ ಬಗ್ಗೆ ಬಲ್ಲ ಪುಟಗಳು, ತಮ್ಮೊಳಗೆ ನಂಟಿಲ್ಲದೆ, ಪ್ರತ್ಯೇಕವಾಗಿ ಒಂದೇ ತಾಣದತ್ತ ಬೆರಳು ಮಾಡಿದರೆ ಅದು ನಂಬತಕ್ಕದ್ದು. ಒಂದೇ ಮನೆಯ ಹತ್ತು ಜನ ಹೇಳಿದ ಸಾಕ್ಷಿಯನ್ನು ಹತ್ತು ಸಾಕ್ಷಿಯೆಂದು ಎಣಿಸಬಾರದು. ಯಂತ್ರಕ್ಕಾಗಿ ಬರೆದ ಈ ನಿಯಮ ಏಜೆನ್ಸಿಯನ್ನು ಅಳೆಯುವ ಮನುಷ್ಯನಿಗೂ ಸಲ್ಲುತ್ತದೆ. ಏಜೆನ್ಸಿಯೇ ತನ್ನ ತಾಣದಲ್ಲಿ ಅಂಟಿಸಿಕೊಂಡ ಪ್ರಶಂಸೆಗಳು ಒಂದೇ ಮನೆಯ ಸಾಕ್ಷಿಗಳು. ಅದರ ಹಳೆಯ ಗ್ರಾಹಕರೊಡನೆ, ಸಾಧ್ಯವಾದರೆ ಅದನ್ನು ಬಿಟ್ಟು ಬಂದವರೊಡನೆ, ನಾವೇ ಫೋನಿನಲ್ಲಿ ಮಾತನಾಡಿದರೆ ದೊರೆಯುವುದು ಹೊರಗಿನ ಸಾಕ್ಷಿ.

ದೊಡ್ಡವರು ಮೋಸಹೋಗುವುದಿಲ್ಲ ಎಂಬ ಭ್ರಮೆಯನ್ನು ಎರಡು ಪ್ರಕರಣಗಳು ಕಳೆದವು. 2006ರ ಫೆಬ್ರವರಿಯಲ್ಲಿ ಜರ್ಮನಿಯ ಕಾರು ತಯಾರಕ ಬಿಎಂಡಬ್ಲ್ಯು ಸಂಸ್ಥೆಯ ಜರ್ಮನ್ ಜಾಲತಾಣವನ್ನು ಗೂಗಲ್ ತನ್ನ ಪಟ್ಟಿಯಿಂದ ಕಿತ್ತುಹಾಕಿತು. ಹುಡುಕುಪದಗಳನ್ನು ತುರುಕಿದ ಪುಟವನ್ನು ಯಂತ್ರಕ್ಕೆ ತೋರಿಸಿ, ಮನುಷ್ಯ ಬಂದೊಡನೆ ಬೇರೆ ಪುಟಕ್ಕೆ ಸಾಗಿಸುವ ‘ಡೋರ್‌ವೇ’ ತಂತ್ರ ಅಲ್ಲಿ ಕಂಡುಬಂದಿತ್ತು. ಆ ಪುಟಗಳನ್ನು ತೆಗೆದ ಮೇಲೆ, ಕೆಲವೇ ದಿನಗಳಲ್ಲಿ, ತಾಣ ಪಟ್ಟಿಗೆ ಮರಳಿತು. ಅಷ್ಟು ಬೇಗ ಮರಳುವ ಭಾಗ್ಯ ಸಣ್ಣ ಅಂಗಡಿಗಿರುತ್ತದೆಯೇ ಎಂಬುದು ಬೇರೆ ಮಾತು.

ಎರಡನೆಯದು ಇನ್ನೂ ಬೋಧಪ್ರದ. ಅಮೆರಿಕದ ಜೆ. ಸಿ. ಪೆನ್ನಿ ಮಳಿಗೆ ಸಮೂಹ 2010ರ ಕೊನೆಯ ಹಬ್ಬದ ತಿಂಗಳುಗಳಲ್ಲಿ ಉಡುಪು, ಹಾಸಿಗೆ ಬಟ್ಟೆ, ರತ್ನಗಂಬಳಿ ಮುಂತಾದ ಹತ್ತಾರು ಹುಡುಕಾಟಗಳಲ್ಲಿ ಗೂಗಲ್‌ನ ತುದಿಯಲ್ಲಿತ್ತು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಪರಿಣತರೊಬ್ಬರಿಂದ ಇದನ್ನು ಪರೀಕ್ಷಿಸಿತು. ಉಡುಪಿಗೆ ಸಂಬಂಧವೇ ಇಲ್ಲದ, ಪಾಳುಬಿದ್ದ ಎಷ್ಟೋ ತಾಣಗಳು ಸೇರಿದಂತೆ ಸಾವಿರಾರು ಪುಟಗಳಿಂದ ಆ ಮಳಿಗೆಯತ್ತ ಕೊಂಡಿಗಳಿದ್ದದ್ದು ಬೆಳಕಿಗೆ ಬಂತು. 2011ರ ಫೆಬ್ರವರಿಯಲ್ಲಿ ವರದಿ ಪ್ರಕಟವಾಯಿತು. ಗೂಗಲ್ ಕೈಹಾಕಿದ ಸಂಜೆ ಏಳು ಗಂಟೆಗೆ ಒಂದು ಬಗೆಯ ಪ್ರಯಾಣದ ಪೆಟ್ಟಿಗೆಯ ಹುಡುಕಾಟದಲ್ಲಿ ಮೊದಲ ಸ್ಥಾನದಲ್ಲಿದ್ದ ಮಳಿಗೆ, ಎರಡು ಗಂಟೆಗಳ ಬಳಿಕ 71ನೆಯ ಸ್ಥಾನದಲ್ಲಿತ್ತು. ಕೊಂಡಿಗಳ ವಿಷಯ ತನಗೆ ತಿಳಿಯದೆಂದು ಸಂಸ್ಥೆ ಹೇಳಿತು. ತಾನು ನೇಮಿಸಿಕೊಂಡಿದ್ದ ಸಲಹಾ ಸಂಸ್ಥೆಯನ್ನು ಕೆಲಸದಿಂದ ಬಿಡಿಸಿತು. ಆದರೆ ಸ್ಥಾನ ಕಳೆದುಕೊಂಡದ್ದು ಮಳಿಗೆಯ ಜಾಲತಾಣ.

ಈ ಘಟನೆಯ ತಿರುಳನ್ನು ಗಮನಿಸಬೇಕು. ತಿಂಗಳುಗಟ್ಟಲೆ ಫಲ ಕಣ್ಣೆದುರಿಗಿತ್ತು, ಫಲದ ದಾರಿ ಮಾತ್ರ ಕಾಣುತ್ತಿರಲಿಲ್ಲ. ‘ನಮ್ಮ ಗ್ರಾಹಕರನ್ನು ನೋಡಿ, ಮೊದಲ ಸ್ಥಾನದಲ್ಲಿದ್ದಾರೆ’ ಎಂಬ ಏಜೆನ್ಸಿಯ ಮಾತು ಅಕ್ಷರಶಃ ಸತ್ಯವಿದ್ದರೂ ಅದರಿಂದ ನಂಬಿಕೆ ಹುಟ್ಟಬೇಕಾಗಿಲ್ಲ. ಕೇಳಬೇಕಾದ ಮಾತು: ಯಾವ ತಾಣಗಳಿಂದ, ಯಾವ ಕಾರಣಕ್ಕೆ, ಏನು ಕೊಟ್ಟು ಕೊಂಡಿ ತರುತ್ತೀರಿ? ಅದು ವ್ಯಾಪಾರದ ಗುಟ್ಟು ಎಂಬ ಉತ್ತರ ಬಂದರೆ, ಆ ಗುಟ್ಟಿನ ದಂಡ ತೆರುವವರು ನಾವೇ ಎಂಬುದನ್ನು ಮರೆಯಬಾರದು.

2012ರ ಏಪ್ರಿಲಿನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಪರಿಷ್ಕರಣೆಯನ್ನು ತಂದಾಗ ಇದು ಊರಿಗೆಲ್ಲ ತಿಳಿಯಿತು. ಹಿಂದೆ ಹಣ ಕೊಟ್ಟು ಕೊಂಡಿ ಹಾಕಿಸಿದವರು ಈಗ ಅವನ್ನು ತೆಗೆಸಲು ತಾಣ ತಾಣಕ್ಕೆ ಪತ್ರ ಬರೆಯಬೇಕಾಯಿತು. ಬೇಡವಾದ ಕೊಂಡಿಗಳನ್ನು ‘ಇವು ನನ್ನವಲ್ಲವೆಂದು ತಿಳಿಯಿರಿ’ ಎಂದು ಗೂಗಲ್‌ಗೆ ತಿಳಿಸುವ ಸಾಧನವೊಂದನ್ನು ಅದೇ ವರ್ಷ ಅಕ್ಟೋಬರಿನಲ್ಲಿ ಒದಗಿಸಲಾಯಿತು. ಏಜೆನ್ಸಿ ಎಂದೋ ಹಣ ಎಣಿಸಿಕೊಂಡು ಹೋಗಿರುತ್ತದೆ. ಸಾಲ ತೀರಿಸುವ ದಿನ ಬಂದಾಗ ಬಾಗಿಲಲ್ಲಿರುವುದು ಅಂಗಡಿಯವನ ಹೆಸರು.

ಇಂಥ ಪೇಟೆಯಲ್ಲಿ ಒಳ್ಳೆಯವರನ್ನು ಗುರುತಿಸುವುದು ಏಕೆ ಕಷ್ಟವೆಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ. ಮಾರುವವನಿಗೆ ಗೊತ್ತಿದ್ದದ್ದು ಕೊಳ್ಳುವವನಿಗೆ ಗೊತ್ತಿಲ್ಲದಾಗ ಕೆಟ್ಟ ಸರಕು ಒಳ್ಳೆಯದನ್ನು ಪೇಟೆಯಿಂದ ಓಡಿಸಬಲ್ಲದೆಂದು ಜಾರ್ಜ್ ಅಕೆರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 1973ರಲ್ಲಿ ಮೈಕಲ್ ಡಾರ್ಬಿ ಮತ್ತು ಎಡಿ ಕಾರ್ನಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವು ಸೇವೆಗಳ ಗುಣವನ್ನು ಕೊಂಡ ಮೇಲೂ ತಿಳಿಯಲಾಗದು. ರಿಪೇರಿಯವನು ಬದಲಿಸಿದ ಭಾಗ ನಿಜವಾಗಿ ಕೆಟ್ಟಿತ್ತೇ ಎಂದು ಹೇಳುವವರಾರು? ಶೋಧಯಂತ್ರದ ಸಲಹೆ ಈ ಜಾತಿಗೆ ಸೇರಿದ್ದು. ಸ್ಥಾನ ಏರಿದರೆ ಏಜೆನ್ಸಿಯ ಪುಣ್ಯ, ಇಳಿದರೆ ಗೂಗಲ್‌ನ ಪಾಪ ಎಂದು ಲೆಕ್ಕ ಒಪ್ಪಿಸುವುದು ಬಹು ಸುಲಭ.

ಹಾಗೆಂದು ಈ ಕಸುಬೇ ಮೋಸವೆಂದರೆ ಅನ್ಯಾಯವಾದೀತು. ಪ್ರಾಮಾಣಿಕ ಕೆಲಸ ಏನೆಂಬುದಕ್ಕೆ ಕನ್ನಡದ್ದೇ ನಿದರ್ಶನವಿದೆ. ಬಹುಕಾಲ ಕನ್ನಡದ ಅನೇಕ ಜಾಲತಾಣಗಳು ಯೂನಿಕೋಡ್ ಬಿಟ್ಟು ತಮ್ಮ ತಮ್ಮ ಫಾಂಟುಗಳ ಸಂಕೇತದಲ್ಲಿ ಬರೆಯುತ್ತಿದ್ದವು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ, ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಗೊಂಚಲು. ಅವುಗಳಲ್ಲಿದ್ದ ಲೇಖನವನ್ನು ಕನ್ನಡದಲ್ಲಿ ಹುಡುಕಿದವನಿಗೆ ಅದು ಸಿಗುತ್ತಲೇ ಇರಲಿಲ್ಲ. ಯೂನಿಕೋಡಿಗೆ ಬದಲಾಯಿಸಿ ಎಂದ ಸಲಹೆಗಾರ ಯಾರಿಗೂ ಮೋಸ ಮಾಡಲಿಲ್ಲ. ಇದ್ದುದನ್ನು ಕಾಣಿಸುವಂತೆ ಮಾಡಿದ. ಚಿತ್ರವಾಗಿ ಹಾಕಿದ ತಿಂಡಿಪಟ್ಟಿಯನ್ನು ಅಕ್ಷರಗಳಲ್ಲಿ ಬರೆಸುವುದು, ಪುಟಕ್ಕೆ ತಕ್ಕ ಶೀರ್ಷಿಕೆ ಕೊಡುವುದು, ಮೊಬೈಲಿನಲ್ಲಿ ಬೇಗ ತೆರೆಯುವಂತೆ ಮಾಡುವುದು, ಎಲ್ಲವೂ ಇದೇ ಬಗೆಯ ಕೆಲಸ. ಏಕೆ ಮಾಡುತ್ತಿದ್ದೇನೆಂದು ಗ್ರಾಹಕನಿಗೆ ಬಿಡಿಸಿ ಹೇಳಬಹುದಾದ ಕೆಲಸ.

ಆದ್ದರಿಂದ ಒಪ್ಪಂದಕ್ಕೆ ಮುನ್ನ ಮಾಡಬೇಕಾದ್ದು ದೊಡ್ಡದೇನಲ್ಲ. ಮೊದಲು ತಾಣದ ಪರಿಶೀಲನಾ ವರದಿಯನ್ನಷ್ಟೇ ಕೇಳಬೇಕು. ಆ ಹಂತದಲ್ಲಿ ನೋಡುವ ಅನುಮತಿ ಸಾಕು, ತಿದ್ದುವ ಅನುಮತಿ ಬೇಡ. ಡೊಮೈನ್ ಹೆಸರು, ಸರ್ಚ್ ಕನ್ಸೋಲ್ ಖಾತೆ, ಇವೆಲ್ಲ ನಮ್ಮ ಹೆಸರಿನಲ್ಲಿಯೇ ಇರಬೇಕು. ಇಲ್ಲವಾದರೆ ಏಜೆನ್ಸಿಯನ್ನು ಬಿಡುವ ದಿನ ಅಂಗಡಿಯ ಬೀಗದ ಕೈ ಅವರ ಕೈಯಲ್ಲಿರುತ್ತದೆ. ಯಾವ ಪದಗಳಿಗೆ ಸ್ಥಾನ ತರುತ್ತಾರೆ, ಆ ಪದಗಳನ್ನು ಯಾರಾದರೂ ಹುಡುಕುತ್ತಾರೆಯೇ ಎಂದು ವಿಚಾರಿಸಬೇಕು. ಯಾರೂ ಹುಡುಕದ ಸಾಲಿಗೆ ಮೊದಲ ಸ್ಥಾನ ಪಡೆಯುವುದು ಖಾಲಿ ರಸ್ತೆಯಲ್ಲಿ ಓಟ ಗೆದ್ದಂತೆ. ಫಲಕ್ಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದು ಗೂಗಲ್‌ನವರೇ ಹೇಳಿದ್ದಾರೆ. ಹದಿನೈದು ದಿನದ ಮಾತು ಬಂದರೆ ಅಲ್ಲಿಗೇ ನಮಸ್ಕಾರ ಹೇಳಬಹುದು.

ಹೊರನಾಡಿನಲ್ಲಿ ಅಂಗಡಿಯ ಹೆಸರು ಬಹುಪಾಲು ಒಬ್ಬರಿಂದೊಬ್ಬರಿಗೆ ಹರಡಿ ಬೆಳೆದದ್ದು. ಎಷ್ಟೋ ಕಡೆ ಎರಡು ತಲೆಮಾರಿನ ದುಡಿಮೆ ಅದರಲ್ಲಿದೆ. ಆ ಹೆಸರನ್ನು ಹೊಸಬನ ಕೈಗೆ ಕೊಡುವ ಮುನ್ನ ಅವನು ತೋರಿಸುವ ಸ್ಥಾನಗಳ ಪಟ್ಟಿಯನ್ನು ಒಂದು ಸಲ ನೋಡಿದರೆ ಸಾಕು, ಅವನು ಹಿಡಿಯುವ ದಾರಿಯ ಬಗ್ಗೆ ಹತ್ತು ಸಲ ಕೇಳಬೇಕು. ಉತ್ತರ ಕೊಡಲು ಬೇಸರಪಡದವನೊಡನೆ ವ್ಯವಹಾರ ಮುಂದುವರಿಸಬಹುದು.