ಪ್ರವೇಶದ ಸುಂಕ: ವರ್ಕಾಡಿಯಿಂದ ವಿಶ್ವವಿದ್ಯಾನಿಲಯಕ್ಕೆ

ಮಂಜೇಶ್ವರ ತಾಲೂಕಿನ ವರ್ಕಾಡಿ ಕೇರಳದ ಉತ್ತರದ ಅಂಚಿನಲ್ಲಿರುವ ಗ್ರಾಮಪಂಚಾಯತು. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿಗಳು ಒಟ್ಟಾಗಿ ಕೇಳಿಬರುವ ಈ ಊರಿಗೆ ಅತ್ಯಂತ ಸಮೀಪದ ವಿಶ್ವವಿದ್ಯಾನಿಲಯವಿರುವುದು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅದು ನೆರೆರಾಜ್ಯದ್ದು. ಸ್ವಂತ ರಾಜ್ಯದ ವಿಶ್ವವಿದ್ಯಾನಿಲಯ ಕಣ್ಣೂರಿನಲ್ಲಿದೆ. ಕೇರಳದ ಕೇಂದ್ರೀಯ ವಿಶ್ವವಿದ್ಯಾನಿಲಯ ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ, ಪೆರಿಯದಲ್ಲಿದೆ. ಈ ಪರಿಸರದಲ್ಲೇ ಸುಂಕದಕಟ್ಟೆ ಎಂಬ ಹೆಸರಿನ ಸ್ಥಳವೂ ಇದೆ. ಇಲ್ಲಿಂದ ಉನ್ನತ ಸಂಶೋಧನೆಗೆ ಹೊರಟವರ ಚರಿತ್ರೆಯನ್ನು ಗಮನಿಸಿದರೆ ಆ ಹೆಸರು ಅರ್ಥಪೂರ್ಣವೆನಿಸುತ್ತದೆ. ಕಾಲಕಾಲಕ್ಕೆ ಕಟ್ಟೆಯೂ ಬದಲಾಗಿದೆ, ಅಲ್ಲಿ ತೆರಬೇಕಾದ ಸುಂಕವೂ ಬದಲಾಗಿದೆ. ಆದರೆ ವಿದ್ಯಾರ್ಥಿ ಊರಿನಿಂದ ಹೊತ್ತು ತಂದ ಬಹುಭಾಷಿಕತೆಗೆ ಯಾವ ಕಟ್ಟೆಯಲ್ಲಿಯೂ ತೂಕ ಸಿಕ್ಕಿಲ್ಲ.

ಮೊದಲ ಕಟ್ಟೆ ಮದರಾಸಿನದು. 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾನಿಲಯ ದಕ್ಷಿಣ ಕನ್ನಡ ಜಿಲ್ಲೆಯನ್ನೂ ಅದರ ಭಾಗವಾಗಿದ್ದ ಕಾಸರಗೋಡು ತಾಲೂಕನ್ನೂ ಒಳಗೊಂಡಿತ್ತು. ಅದರ ಪ್ರವೇಶಪರೀಕ್ಷೆಯಾದ ಮೆಟ್ರಿಕ್ಯುಲೇಶನ್‌ನಲ್ಲಿ ಇಂಗ್ಲಿಷು ಕಡ್ಡಾಯ. ದೇಶಭಾಷೆಗೆ ಎರಡನೆಯ ಸ್ಥಾನ. ಮಂಗಳೂರಿನವರೆಗೆ ಹೋಗಿ ಓದುವ ಅನುಕೂಲವಿದ್ದ ಮನೆತನಗಳಿಗಷ್ಟೇ ಈ ಸುಂಕ ತೆರುವುದು ಸಾಧ್ಯವಾಗುತ್ತಿತ್ತು. ಆದರೂ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು: ಕನ್ನಡ, ತುಳು, ಮಲಯಾಳ, ತಮಿಳುಗಳೆಲ್ಲ ಒಂದೇ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. ಅದರ ಫಲ ರಾಜ್ಯಗಳು ಬೇರೆಯಾದ ಮೇಲೂ ಕಾಣಿಸುತ್ತ ಬಂದಿತು. ಅಲ್ಲಿಯ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದ ಎಂ. ಮರಿಯಪ್ಪ ಭಟ್ಟರು ಎ. ಶಂಕರ ಕೆದಿಲಾಯರೊಡನೆ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿದ್ದು 1967ರಲ್ಲಿ.

ಮಂಜೇಶ್ವರದ ಗೋವಿಂದ ಪೈಗಳು (1883–1963) ಪದವಿ ವ್ಯಾಸಂಗಕ್ಕೆಂದು ಮದರಾಸಿಗೆ ಹೋಗಿ, ತಂದೆಯವರ ಅನಾರೋಗ್ಯದ ಕಾರಣ ಬಿ.ಎ. ಪೂರೈಸದೆ ಮರಳಿದರು. ಈ ಸೀಮೆಯ ಬಹುಶ್ರುತ ಸಂಶೋಧಕರ ಕೈಯಲ್ಲಿ ಪದವಿಪತ್ರವಿರಲಿಲ್ಲ. ಮನೆಯ ಗ್ರಂಥಾಲಯವೇ ಅವರ ಸಂಶೋಧನಾಲಯವಾಯಿತು. ಕಾಸರಗೋಡು ಸೀಮೆಯ ಇನ್ನೊಬ್ಬ ವಿದ್ವಾಂಸರಾದ ವೆಂಕಟರಾಜ ಪುಣಿಂಚತ್ತಾಯರು ಅಧ್ಯಾಪಕರಾಗಿದ್ದುಕೊಂಡೇ ತುಳು ಲಿಪಿಯ ತಾಳೆಗರಿಗಳನ್ನು ಓದಿ, ‘ಶ್ರೀ ಭಾಗವತೊ’, ‘ಕಾವೇರಿ’ ಕಾವ್ಯಗಳನ್ನು ಬೆಳಕಿಗೆ ತಂದರು. ಪ್ರತಿಭೆಗೆ ವಿಶ್ವವಿದ್ಯಾನಿಲಯದ ಹಂಗಿಲ್ಲವೆನ್ನಲು ಈ ಎರಡು ಉದಾಹರಣೆಗಳನ್ನು ಬಳಸುವುದುಂಟು. ಆ ತೀರ್ಮಾನ ಸರಿಯಲ್ಲ. ಪೈಗಳಿಗೆ ಅನುಕೂಲಸ್ಥ ಮನೆತನದ ಆಸರೆಯಿತ್ತು, ಪುಣಿಂಚತ್ತಾಯರಿಗೆ ವೃತ್ತಿಯ ಆಧಾರವಿತ್ತು. ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ಬದುಕುವ ಮನೆಯಿಂದ ಬಂದವರಿಗೆ ಪ್ರವೇಶವೆಂದರೆ ಗ್ರಂಥಾಲಯವೂ ಹೌದು, ಜೀವನೋಪಾಯವೂ ಹೌದು. ಇಂದು ಕಿರಿಯ ಸಂಶೋಧನಾ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ. ಆ ಅರ್ಹತೆಯಿಲ್ಲದೆ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ.ಗೆ ಸೇರಿದವರಿಗೆ ದೊರೆಯುತ್ತ ಬಂದಿರುವುದು 8,000. ಯಾವ ಬಾಗಿಲಿನಿಂದ ಒಳಗೆ ಬಂದರೆಂಬುದು ಮುಂದಿನ ಐದು ವರ್ಷಗಳ ಬದುಕನ್ನೇ ನಿರ್ಧರಿಸುತ್ತದೆ.

ಎರಡನೆಯ ಕಟ್ಟೆ ಏರ್ಪಟ್ಟದ್ದು 1956ರ ನವೆಂಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿತು. ದಕ್ಷಿಣ ಕನ್ನಡದ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ಮೊದಲು ಕೇರಳ ವಿಶ್ವವಿದ್ಯಾನಿಲಯಕ್ಕೂ 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯಕ್ಕೂ 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯಕ್ಕೂ ಒಳಪಟ್ಟಿತು. ಗಡಿಯಾಚೆಗೆ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಂಗಳೂರಿಗೆ ಬಂದದ್ದೂ 1968ರಲ್ಲೇ. ಎಸ್.ವಿ. ಪರಮೇಶ್ವರ ಭಟ್ಟರು ಕಟ್ಟಿ ಬೆಳೆಸಿದ ಆ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಎರಡೂ ಕಡೆಗಳಿಂದ ಉನ್ನತ ಶಿಕ್ಷಣ ವರ್ಕಾಡಿಗೆ ಹತ್ತಿರವಾದ ಕಾಲವದು. ಆದರೆ ಅರ್ಜಿ ನಮೂನೆಯಲ್ಲಿ ಅದೇ ಹೊತ್ತಿಗೆ ಹೊಸ ಪ್ರಶ್ನೆಯೊಂದು ಸೇರಿಕೊಂಡಿತು: ಅಭ್ಯರ್ಥಿ ಯಾವ ರಾಜ್ಯದವರು?

ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ವರ್ಕಾಡಿಯೂ ಆ ಪ್ರದೇಶದಲ್ಲಿದೆ. ಶಿಫಾರಸು ಜಾರಿಯಾಗಲಿಲ್ಲ, ಅದರ ನೆರಳು ಮಾತ್ರ ಪ್ರವೇಶ ನಿಯಮಗಳಲ್ಲಿ ಉಳಿಯಿತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿರುವ ‘ಗಡಿನಾಡು ಕನ್ನಡಿಗ’ ಎಂಬ ವರ್ಗ ಅದಕ್ಕೆ ನಿದರ್ಶನ. ಕಾಸರಗೋಡಿನ ಅಭ್ಯರ್ಥಿ ತನ್ನ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವವೆಂದು ತೋರಿಸಿ, ಪ್ರತ್ಯೇಕವಾದ ಕನ್ನಡ ಭಾಷಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರೆ ಈ ಸೌಲಭ್ಯ ಸಿಗುತ್ತದೆ. ಅದು ನೂರಾರು ಮಕ್ಕಳಿಗೆ ನೆರವಾಗಿರುವುದರಲ್ಲಿ ಸಂದೇಹವಿಲ್ಲ. ಆದರೆ ಭಾಷೆಯನ್ನು ವಂಶದ ಗುರುತಾಗಿ ನೋಡುವ ತರ್ಕ ಅದರ ಬುಡದಲ್ಲಿದೆ. ಮನೆಯಲ್ಲಿ ಬ್ಯಾರಿಯನ್ನೋ ಮಲಯಾಳವನ್ನೋ ಆಡುತ್ತ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ವರ್ಕಾಡಿಯ ಹುಡುಗಿಯ ಕನ್ನಡವನ್ನು ಈ ತರ್ಕ ಗುರುತಿಸಲಾರದು. ಕನ್ನಡ ಆಕೆಯ ವಿದ್ಯೆಯ ಭಾಷೆ; ನಿಯಮ ಕೇಳುವುದು ತಾಯಿಯ ಭಾಷೆಯನ್ನು.

ಮೂರನೆಯ ಕಟ್ಟೆ ಈ ಶತಮಾನದ್ದು. 2009ರ ಕಾಯಿದೆಯ ಮೂಲಕ ಕೇರಳದ ಕೇಂದ್ರೀಯ ವಿಶ್ವವಿದ್ಯಾನಿಲಯ ಕಾಸರಗೋಡು ಜಿಲ್ಲೆಗೆ ಬಂದಾಗ, ವಾಸಸ್ಥಳದ ಪ್ರಶ್ನೆಯಿಲ್ಲದ ಬಾಗಿಲೊಂದು ತೆರೆದಂತಾಯಿತು. ಅಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯದ ವಿಭಾಗ ಮೊದಲು ಬಂದಿತು. ಕನ್ನಡ ವಿಭಾಗ ಅನಂತರ ಸೇರಿತು. 2022ರಲ್ಲಿ ಆರಂಭವಾದ ಪದವಿ ಹಂತದ ಸಾಮಾನ್ಯ ಪ್ರವೇಶಪರೀಕ್ಷೆಯನ್ನು ಕನ್ನಡ, ಮಲಯಾಳಗಳೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಗಡಿಯ ಊರಿನವರ ಪಾಲಿಗೆ ಇದು ಸಣ್ಣ ಲಾಭವಲ್ಲ.

ಸಂಶೋಧನೆಯ ಹಂತಕ್ಕೆ ಬಂದಾಗ ಈ ಔದಾರ್ಯ ಕಡಿಮೆಯಾಗುತ್ತದೆ. 2024–25ರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಪಿಎಚ್.ಡಿ. ಪ್ರವೇಶಕ್ಕೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಗಳನ್ನು ಬಳಸಲು ಅವಕಾಶ ನೀಡಿದೆ. ಆ ಪರೀಕ್ಷೆಯ ಒಟ್ಟು ಅಂಕ 300. ಕನ್ನಡ ವಿಷಯವನ್ನು ಆರಿಸಿಕೊಂಡವರು 200 ಅಂಕಗಳ ಎರಡನೆಯ ಪತ್ರಿಕೆಯನ್ನು ಕನ್ನಡದಲ್ಲೇ ಎದುರಿಸುತ್ತಾರೆ; 100 ಅಂಕಗಳ ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಳಗನ್ನಡ ಕಾವ್ಯದ ಮೇಲೆ ಪ್ರಬಂಧ ಬರೆಯಹೊರಟವರ ಮೂರನೆಯ ಒಂದು ಪಾಲು ಅರ್ಹತೆ, ಅವರ ಅಧ್ಯಯನಕ್ಕೆ ಸಂಬಂಧವಿಲ್ಲದ ಭಾಷೆಯಲ್ಲಿ ನಿರ್ಧಾರವಾಗುತ್ತದೆ. ಹಿಂದಿ ಸಾಹಿತ್ಯದ ಅಭ್ಯರ್ಥಿಗೆ ಈ ಹೊರೆಯಿಲ್ಲ. 1857ರ ಸುಂಕ ಬೇರೆ ಹೆಸರಿನಲ್ಲಿ ಮರಳಿ ಬಂದಿದೆಯೆಂದರೆ ಅತಿಶಯೋಕ್ತಿಯಾಗದು.

ಪ್ರವೇಶದಲ್ಲಿ ಅಭ್ಯರ್ಥಿಯ ಹಿನ್ನೆಲೆಯನ್ನು ತೂಗುವುದು ಅಸಾಧ್ಯವೇನೂ ಅಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಹೆಚ್ಚುವರಿ ಅಂಕ ನೀಡುವ ಪದ್ಧತಿಯನ್ನು ಆರಂಭದ ದಶಕದಲ್ಲೇ ರೂಪಿಸಿತು. 1983ರ ಹೊತ್ತಿಗೆ ಅದನ್ನು ಕೈಬಿಟ್ಟು, 1990ರ ದಶಕದಲ್ಲಿ ವಿದ್ಯಾರ್ಥಿಗಳ ಒತ್ತಾಯದಿಂದ ಮರಳಿ ತಂದಿತು. ಅದು ಕೊರತೆಗೆ ನೀಡಿದ ಪರಿಹಾರ. ವರ್ಕಾಡಿಯಂಥ ಊರಿನ ವಿದ್ಯಾರ್ಥಿಯಲ್ಲಿ ಕೊರತೆಯೊಡನೆ ಸಂಪತ್ತೂ ಇದೆ. ತುಳು ಪಾಡ್ದನವನ್ನು ಕೇಳಿ ಅರ್ಥಮಾಡಿಕೊಳ್ಳುವ, ಕನ್ನಡ ಕಡತವನ್ನು ಓದುವ, ಮಲಯಾಳ ದಾಖಲೆಯನ್ನು ಬಿಡಿಸುವ ಒಬ್ಬನೇ ಸಂಶೋಧಕ ಬೇರೆಡೆ ಸುಲಭವಾಗಿ ಸಿಗುವುದಿಲ್ಲ. ಈ ಸೀಮೆಯ ಚರಿತ್ರೆಗೆ ಬೇಕಾಗಿರುವುದು ಅಂಥವರೇ.

ಈ ಸಂಪತ್ತನ್ನು ಗುರುತಿಸುವ ಅವಕಾಶ ಈಗಿನ ನಿಯಮದಲ್ಲೇ ಇದೆ. ಶಿಷ್ಯವೇತನದ ಅರ್ಹತೆಯಿಲ್ಲದೆ ಪಿಎಚ್.ಡಿ.ಗೆ ಬರುವವರ ಆಯ್ಕೆಯಲ್ಲಿ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿದೆ. ಆ ಮೂವತ್ತು ಆಯಾ ಸಂಸ್ಥೆಯ ಕೈಯಲ್ಲಿರುವಂಥದ್ದು. ಎರಡು ಭಾಷೆಗಳ ಆಕರಗಳನ್ನು ಅಥವಾ ಎರಡು ಲಿಪಿಗಳನ್ನು ಓದಬಲ್ಲ ಸಾಮರ್ಥ್ಯವನ್ನು ಸಂದರ್ಶನದಲ್ಲಿ ಘೋಷಿತ ಮಾನದಂಡವಾಗಿ ಇರಿಸಲು ಹೊಸ ಕಾಯಿದೆ ಬೇಕಿಲ್ಲ. ಪೆರಿಯ, ಕಣ್ಣೂರು, ಕೊಣಾಜೆಗಳ ವಿಭಾಗಗಳು ಮನಸ್ಸು ಮಾಡಿದರೆ ಸಾಕು. ಹೊರಸಂಸ್ಥೆಯ ಸಹಮಾರ್ಗದರ್ಶಕರಿಗೆ ನಿಯಮ ಅವಕಾಶ ನೀಡಿರುವುದರಿಂದ, ಪೆರಿಯದಲ್ಲಿ ದಾಖಲಾದವರು ಕೊಣಾಜೆಯ ವಿದ್ವಾಂಸರೊಡನೆ ಕೆಲಸ ಮಾಡುವುದೂ ಸಾಧ್ಯ.

ವಿಳಂಬಕ್ಕೆ ಬೆಲೆಯಿದೆ. ಗೋವಿಂದ ಪೈಗಳ ಗ್ರಂಥಭಂಡಾರ ಇಂದಿರುವುದು ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ. ಪುಸ್ತಕಗಳು ಗಡಿ ದಾಟಿ ಸುರಕ್ಷಿತ ನೆಲೆ ಕಂಡವು. ಅವನ್ನು ಓದುವ ಭಾಷಾಸಾಮರ್ಥ್ಯ ಈಗಲೂ ಗಡಿಯ ಊರುಗಳ ತರುಣ ತರುಣಿಯರಲ್ಲಿದೆ. ಪ್ರವೇಶದ ಬಾಗಿಲಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ಮನಗಂಡ ತಲೆಮಾರು ಮುಂದಿನ ತಲೆಮಾರಿಗೆ ಅದನ್ನು ಕಲಿಸುವ ಶ್ರಮ ವಹಿಸುವುದಿಲ್ಲ.